ಹದಿನೇಳಾದ ಮೇಲೆ

ನಮ್ಮ ವೇಲ್ಸ್ ಮಾತಿನಲ್ಲಿ ಹದಿನೈದು ಮುಗಿದ ಮೇಲೆ ಎಣಿಕೆ ಹೀಗೆ ಸಾಗುತ್ತದೆ: ಹದಿನೈದರ ಮೇಲೊಂದು, ಹದಿನೈದರ ಮೇಲೆರಡು. ಅದರ ಮುಂದೆ ಹದಿನೈದರ ಮೇಲೆ ಮೂರು ಬರಬೇಕು, ಬರುವುದಿಲ್ಲ. ಅಲ್ಲಿ ‘ಎರಡೊಂಬತ್ತು’ ಎನ್ನುತ್ತೇವೆ. ಮತ್ತೆ ಹದಿನೈದರ ಮೇಲೆ ನಾಲ್ಕು, ಆಮೇಲೆ ಇಪ್ಪತ್ತು. ಯಾಕೆ ಹೀಗೆ ಎಂದು ಚಿಕ್ಕವಳಿದ್ದಾಗ ಅಪ್ಪನನ್ನು ಕೇಳಿದ್ದೆ. ಇನ್ನೊಬ್ಬರ ಬೆನ್ನ ಮೇಲೆ ಕೂತು ಕೂತು ಹದಿನೆಂಟಕ್ಕೆ ಬೇಜಾರಾಗಿರಬೇಕು ಎಂದಿದ್ದ. ಬ್ಯಾಂಗರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ, ನಮ್ಮ ಕಣಿವೆಯ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದ ಮೇಲೂ ನನಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಕ್ಕಿಲ್ಲ. ಆದರೆ ಈ ಒಂದು ಸಂಖ್ಯೆಯ ಮೇಲೆ ಒಬ್ಬ ಮನುಷ್ಯನ ಜೀವ ನಿಂತದ್ದನ್ನು ನಮ್ಮ ಅಡಿಗೆಮನೆಯಲ್ಲೇ ನೋಡಿದ್ದೇನೆ.

ಅವನು ಬಂದದ್ದು ೧೯೪೭ರ ಏಪ್ರಿಲ್ ತಿಂಗಳಲ್ಲಿ. ಆ ವರ್ಷದ ಹಿಮಕ್ಕೆ ಕಣಿವೆಯ ಅರ್ಧ ಕುರಿಗಳು ಸತ್ತಿದ್ದವು. ಕಲ್ಲುಗೋಡೆಗಳ ಬುಡದಲ್ಲಿ ಇನ್ನೂ ಕೊಳಕು ಹಿಮ ಉಳಿದಿತ್ತು. ಅಪ್ಪ ಪೇಟೆಯಿಂದ ಬರುವಾಗ ಹಾಲಿನ ಕ್ಯಾನುಗಳ ನಡುವೆ ಅವನನ್ನು ಕೂರಿಸಿಕೊಂಡು ಬಂದ. ಹೆಸರು ಗಿರೆಗ್. ವಯಸ್ಸು ಮೂವತ್ತೈದಿರಬಹುದು. ಸಮುದ್ರದಾಚೆ, ಫ್ರಾನ್ಸಿನ ಪಶ್ಚಿಮದ ಮೂಲೆಯಲ್ಲಿರುವ ಬ್ರಿಟನಿಯ ಶಾಲಾ ಮೇಷ್ಟ್ರು. ಅವರ ಬ್ರೆಟನ್ ಭಾಷೆಯೂ ನಮ್ಮದೂ ಒಂದೇ ತಾಯಿಯ ಮಕ್ಕಳು. ರೊಟ್ಟಿಗೆ ನಾವೂ ಬಾರಾ ಎನ್ನುತ್ತೇವೆ, ಅವರೂ ಬಾರಾ ಎನ್ನುತ್ತಾರೆ. ನಮ್ಮ ಮಾತನ್ನು ಅವನು ಪುಸ್ತಕಗಳಿಂದ ಮೊದಲೇ ಕಲಿತಿದ್ದ. ಯುದ್ಧ ಮುಗಿದ ಮೇಲೆ ಅಲ್ಲಿನ ಕೋರ್ಟು ಇವನ ಗೈರುಹಾಜರಿಯಲ್ಲೇ ಇವನಿಗೆ ಮರಣದಂಡನೆ ವಿಧಿಸಿತ್ತು. ತನ್ನ ಭಾಷೆಗಾಗಿ ದುಡಿದದ್ದಕ್ಕೆ ಈ ಶಿಕ್ಷೆ ಎಂದು ಪೇಟೆಯ ಭಾಷಾಭಿಮಾನಿ ಗೆಳೆಯರು ಅಪ್ಪನಿಗೆ ಹೇಳಿದ್ದರು. ಅಪ್ಪ ಊರಿನ ಪ್ರಾರ್ಥನಾ ಮಂದಿರದ, ನಮ್ಮ ಚಾಪೆಲ್ಲಿನ, ಹಿರಿಯರಲ್ಲಿ ಒಬ್ಬ. ಅವನಿಗೆ ಅಷ್ಟು ಸಾಕಾಗಿತ್ತು.

ಅವನಿಗೆ ಗುರುತಿನ ಚೀಟಿ ಇರಲಿಲ್ಲ, ರೇಷನ್ ಪುಸ್ತಕ ಇರಲಿಲ್ಲ. ನಮ್ಮ ಮೂರು ಪುಸ್ತಕಗಳಲ್ಲಿ ನಾಲ್ಕು ಬಾಯಿ ಸಾಗಬೇಕಿತ್ತು. ಅಮ್ಮ ಬೆಣ್ಣೆಯ ಮೇಲೆ ಚಾಕುವಿನ ತುದಿಯಿಂದ ಗೆರೆ ಎಳೆದು ನಾಲ್ಕು ಪಾಲು ಮಾಡುತ್ತಿದ್ದಳು. ಕೊಟ್ಟಿಗೆಯ ಮೇಲಿನ ಕೋಣೆಯಲ್ಲಿ ಅವನ ವಾಸ. ರಸ್ತೆಗೆ ಇಳಿಯುವಂತಿರಲಿಲ್ಲ, ಓಡಾಟವೆಲ್ಲ ನಮ್ಮ ಮೂರು ಹೊಲಗಳ ಒಳಗೆ. ಗೇಟಿನಿಂದ ಮೇಲಿನ ಗೋಡೆಗೆ ಇನ್ನೂರ ಹನ್ನೆರಡು ಹೆಜ್ಜೆ ಎಂದು ಅವನೇ ನನಗೆ ಹೇಳಿದ್ದ. ನಾನು ಒಮ್ಮೆ ಎಣಿಸಿ ನೋಡಿದೆ, ನನಗೆ ಇನ್ನೂರ ನಲವತ್ತಾಯಿತು.

ಮೂರನೆಯ ವಾರದಲ್ಲಿ ಕಾನ್ಸ್‌ಟೇಬಲ್ ಪ್ರೋಸರ್ ಬಂದ. ಹೊಲದಲ್ಲಿರುವವನು ಯಾರು, ಮಾತು ಒಂಥರಾ ಇದೆಯಲ್ಲ ಎಂದು ಕೇಳಿದ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಅಪ್ಪ ಒಂದೇ ಉಸಿರಿಗೆ ದೊಡ್ಡದೊಂದನ್ನು ಹೇಳಿಬಿಟ್ಟ.

“ನಮ್ಮತ್ತೆ ಮೊಮ್ಮಗ ಕಣಪ್ಪ. ಬೆರ್ವಿನ್ ಅಂತ. ಪೆಟಗೋನಿಯಾದವನು.”

ಎಂಬತ್ತು ವರ್ಷದ ಹಿಂದೆ ನಮ್ಮ ಜನ ಹಡಗು ಹತ್ತಿ ದಕ್ಷಿಣ ಅಮೆರಿಕದ ತುದಿಗೆ ಹೋಗಿ, ಅಲ್ಲಿ ನಮ್ಮ ಮಾತನ್ನೇ ಆಡುವ ಊರುಗಳನ್ನು ಕಟ್ಟಿಕೊಂಡಿದ್ದರು. ಅಪ್ಪನ ಅತ್ತೆಯೊಬ್ಬಳು ಹೋದದ್ದೂ ನಿಜ. ಪ್ರೋಸರ್ ತಲೆಯಾಡಿಸಿ, ಕಾಗದಪತ್ರ ಯಾವಾಗ ಬರುತ್ತದೆ ಎಂದ. ಅಲ್ಲಿಂದ ಬರಬೇಕಲ್ಲ, ಹಡಗಿನಲ್ಲಿ, ಎಂದ ಅಪ್ಪ. ತಡವಾದರೆ ಪೇಟೆಗೆ ಬರೆದು ಕೇಳಬೇಕಾಗುತ್ತದೆ ಎಂದು ಹೇಳಿ ಪ್ರೋಸರ್ ಹೋದ. ಪೇಟೆಗೆ ಬರೆದರೆ ಹೆಸರು ಹೊರಬೀಳುತ್ತದೆ, ಹೆಸರು ಹೊರಬಿದ್ದರೆ ಇವನನ್ನು ಹಡಗು ಹತ್ತಿಸುತ್ತಾರೆ. ಆಚೆ ದಡದಲ್ಲಿ ಏನು ಕಾದಿದೆ ಎಂದು ನಮಗೆ ಗೊತ್ತಿತ್ತು.

ಹೀಗೆ ಗಿರೆಗ್ ಬೆರ್ವಿನ್ ಆದ. ಬಚ್ಚಿಡಲು ಹೇಳಿದ ಸುಳ್ಳು ಅವನನ್ನು ಊರಿನ ನಡುವೆ ತಂದು ನಿಲ್ಲಿಸಿತು. ಪೆಟಗೋನಿಯಾದವನೆಂದರೆ ಯಾರಿಗೆ ಆಸೆ ಇಲ್ಲ? ಚಾಪೆಲ್ಲಿಗೆ ಕರೆದರು, ಹುಲ್ಲು ಕೊಯ್ಲಿಗೆ ಕರೆದರು. ಯಾರದೋ ಚಿಕ್ಕಪ್ಪನ ಹಳೆಯ ಫೋಟೋ ತಂದು ಇವರನ್ನು ಬಲ್ಲೆಯಾ ಎಂದರು. ಅಲ್ಲಿ ಗಾಳಿ ಹೇಗೆ, ನದಿ ಎಷ್ಟು ಅಗಲ ಎಂದರು. ನಾನು ಬ್ಯಾಂಗರಿನ ಗ್ರಂಥಾಲಯದಿಂದ ಭೂಗೋಳದ ಪುಸ್ತಕವೊಂದನ್ನು ತಂದುಕೊಟ್ಟೆ. ತಾನು ಕಾಣದ ಊರಿನ ಮಳೆಯ ಪ್ರಮಾಣವನ್ನು ತಿಂಗಳು ತಿಂಗಳಿಗೂ ಅವನು ಬಾಯಿಪಾಠ ಮಾಡಿದ. ಚಾಪೆಲ್ಲಿನ ಕಾರ್ಯದರ್ಶಿ ಪಕ್ಕದ ಸಭಾಕೋಣೆಯಲ್ಲಿ ಬೆರ್ವಿನ್ ಪೆಟಗೋನಿಯಾದ ಬಗ್ಗೆ ಭಾಷಣ ಮಾಡಬೇಕೆಂದು ಎರಡು ಸಲ ದಿನ ಗೊತ್ತು ಮಾಡಿದ. ಎರಡು ಸಲವೂ ಗಿರೆಗ್‌ಗೆ ಗಂಟಲು ಕಟ್ಟಿತು.

ತನ್ನ ಮಾತನ್ನು ಅವನು ದನಗಳ ಜೊತೆ ಮಾತ್ರ ಆಡುತ್ತಿದ್ದ. ಹಾಲು ಕರೆಯುವಾಗ ಕೊಟ್ಟಿಗೆಯ ಬಾಗಿಲಲ್ಲಿ ನಿಂತರೆ ಕೇಳುತ್ತಿತ್ತು: ಅರ್ಧ ಅರ್ಥವಾಗುವ, ಅರ್ಧ ಜಾರಿಹೋಗುವ ಮಾತು. ಕನಸಿನಲ್ಲಿ ಯಾರೋ ನಮ್ಮ ಭಾಷೆಯನ್ನೇ ಆಡಿದಂತೆ.

ಅಕ್ಟೋಬರಿನಲ್ಲಿ ಸುಗ್ಗಿಯ ಕೃತಜ್ಞತೆಯ ಪ್ರಾರ್ಥನೆಗೆ ಸಭಾಕೋಣೆಯಲ್ಲಿ ಚಹಾಕೂಟದ ಸಿದ್ಧತೆ ನಡೆದಿತ್ತು. ಏಳೆಂಟು ಹೆಂಗಸರು ಮೇಜಿನ ಸುತ್ತ ಇದ್ದರು. ನಮ್ಮ ಮನೆಯ ಮೊಟ್ಟೆಗಳನ್ನು ಗಿರೆಗ್ ಬುಟ್ಟಿಯಿಂದ ತೆಗೆದು ಪಾತ್ರೆಗೆ ಇಡುತ್ತ ಎಣಿಸುತ್ತಿದ್ದ. ಹದಿನೈದರ ಮೇಲೊಂದು. ಹದಿನೈದರ ಮೇಲೆರಡು.

“ಮೂರಾರು,” ಎಂದ.

ಹದಿನೆಂಟಕ್ಕೆ ಬ್ರೆಟನ್ ಭಾಷೆಯಲ್ಲಿ ಹೇಳುವುದು ಹಾಗೆ. ಅವನು ನಮ್ಮ ಎಣಿಕೆಯನ್ನು ಚೆನ್ನಾಗಿ ಕಲಿತಿದ್ದ. ಅಲ್ಲಿ ಕೂಡುವ ಲೆಕ್ಕ ಬಿಟ್ಟು ಗುಣಿಸುವ ಲೆಕ್ಕ ಬರುತ್ತದೆ ಎಂಬುದೂ ನೆನಪಿತ್ತು. ಯಾವ ಮಗ್ಗಿ ಎಂಬಲ್ಲಿ ನಾಲಗೆ ಜಾರಿತು. ಅವನ ಕೈ ಮೊಟ್ಟೆಯೊಂದಿಗೆ ಗಾಳಿಯಲ್ಲಿ ನಿಂತಿತು. ಯಾರೂ ತಲೆಯೆತ್ತಲಿಲ್ಲ. ಮೇಜಿನ ಆಚೆ ತುದಿಯಲ್ಲಿ ರೊಟ್ಟಿ ಕೊಯ್ಯುತ್ತಿದ್ದ, ನಮ್ಮ ಕೆಳಗಿನ ಮನೆಯ ಮಾರ್ಗ್ಯಡ್ ಅಜ್ಜಿ ಮಾತ್ರ, “ಯಾಕಪ್ಪಾ ನಿಲ್ಲಿಸ್ದೆ? ಮುಂದೆ ಹೇಳು,” ಎಂದಳು.

ಅವನು ಇಪ್ಪತ್ತನಾಲ್ಕರವರೆಗೆ ಎಣಿಸಿದ.

ಮನೆಗೆ ಬರುವ ದಾರಿಯಲ್ಲಿ ಯಾರಾದರೂ ಗಮನಿಸಿದರೇ ಎಂದು ಕೇಳಿದ. ಇಲ್ಲ ಎಂದೆ. ಅದು ಸುಳ್ಳು. ಯುದ್ಧಕ್ಕೆ ಮುಂಚೆ ಪ್ರತಿ ಆಗಸ್ಟ್ ತಿಂಗಳಲ್ಲಿ ನಮ್ಮ ಕಣಿವೆಗೆ ಬ್ರಿಟನಿಯಿಂದ ಈರುಳ್ಳಿ ಮಾರುವವನು ಬರುತ್ತಿದ್ದ. ಹಡಗಿನಲ್ಲಿ ಗುಂಪಾಗಿ ಬಂದು, ಬಂದರಿನ ಶೆಡ್ಡೊಂದರಲ್ಲಿ ಇಳಿದುಕೊಂಡು, ಸೈಕಲ್ಲಿನ ಹ್ಯಾಂಡಲ್ಲಿಗೆ ಈರುಳ್ಳಿ ಜಡೆಗಳನ್ನು ತೂಗಿಹಾಕಿಕೊಂಡು ಹಳ್ಳಿಹಳ್ಳಿ ತಿರುಗುವವರು. ಅವರೆಲ್ಲರಿಗೂ ನಮ್ಮಲ್ಲಿ ಒಂದೇ ಹೆಸರು, ಶೋನಿ. ನಮ್ಮ ಶೋನಿ ನಮ್ಮ ಮಾತನ್ನು ಕಲಿತು ನಮ್ಮ ಎಣಿಕೆಯಲ್ಲೇ ಎಣಿಸುತ್ತಿದ್ದ. ಹದಿನೆಂಟಕ್ಕೆ ಮಾತ್ರ ಇಪ್ಪತ್ತು ವರ್ಷವಾದರೂ ಮೂರಾರು ಎಂದೇ ಹೇಳುತ್ತಿದ್ದ. ನಾವು ಮಕ್ಕಳು ಅವನ ಸೈಕಲ್ಲಿನ ಹಿಂದೆ ‘ಮೂರಾರು, ಮೂರಾರು’ ಎಂದು ಕೂಗಿಕೊಂಡು ಓಡುತ್ತಿದ್ದೆವು. ಆ ಮೇಜಿನ ಸುತ್ತ ಇದ್ದ ಒಬ್ಬೊಬ್ಬ ಹೆಂಗಸೂ ಆ ಪದವನ್ನು ತನ್ನ ಮನೆಯ ಬಾಗಿಲಲ್ಲಿ ನಿಂತು ಕೇಳಿದವಳು.

ಎರಡು ದಿನ ಬಿಟ್ಟು ಮಾರ್ಗ್ಯಡ್ ಅಜ್ಜಿ ಹಾಲಿನ ಕ್ಯಾನು ಹಿಡಿದು ಡೈರಿಗೆ ಬಂದಳು. ನಾನು ಗಾಜಿನ ಕೊಳವೆಯಲ್ಲಿ ಹಾಲಿನ ಕೊಬ್ಬಿನ ಗೆರೆ ನೋಡುತ್ತಿದ್ದೆ.

“ಹೆಲೆದ್, ನಿಮ್ಮ ಪೆಟಗೋನಿಯಾದಲ್ಲಿ ಈರುಳ್ಳಿ ಬೆಳೆ ಚೆನ್ನಾಗಾಗುತ್ತಂತೆ?”

ನಾನು ಕೊಳವೆಯಿಂದ ಕಣ್ಣು ತೆಗೆಯಲಿಲ್ಲ.

“ಹೆದರ್ಬೇಡ ಕಣೇ. ಪ್ರೋಸರ್ ಮನೇಲಿ ಈರುಳ್ಳಿ ತಗೋತಿರ್ಲಿಲ್ಲ. ಅವನ ಹೆಂಡ್ತಿಗೆ ವಾಸನೆ ಆಗಲ್ಲ.”

ಅಂದರೆ ಕಾನ್ಸ್‌ಟೇಬಲ್ ಒಬ್ಬನನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಮೊದಲಿನಂತೆಯೇ ಪೆಟಗೋನಿಯಾದ ಗಾಳಿಯ ಬಗ್ಗೆ ಕೇಳುತ್ತಿದ್ದರು, ಮೊದಲಿಗಿಂತ ಮೃದುವಾಗಿ. ಯಾರೋ ಬಾಗಿಲಲ್ಲಿ ಮೊಟ್ಟೆ ಇಟ್ಟು ಹೋಗುತ್ತಿದ್ದರು, ಯಾರೋ ತಮ್ಮ ಸಕ್ಕರೆಯಲ್ಲಿ ಒಂದು ಹಿಡಿ. ಇದನ್ನು ಅವನಿಗೆ ಹೇಳಬೇಕೋ ಬೇಡವೋ ಎಂದು ನಾನು ತುಂಬ ದಿನ ಯೋಚಿಸಿದೆ. ಹೇಳಲಿಲ್ಲ. ಗೊತ್ತಿಲ್ಲದಿದ್ದರೆ ಧೈರ್ಯದಿಂದ ಇರುತ್ತಾನೆ ಎಂದುಕೊಂಡೆ.

ಆ ಚಳಿಗಾಲದಲ್ಲಿ ಅವನು ತನ್ನ ತಪ್ಪನ್ನು ನನಗೆ ಹೇಳಿದ. ತಪ್ಪು ಎಂಬ ಪದವನ್ನು ಅವನು ಬಳಸಲಿಲ್ಲ. ಅವನ ಸೀಮೆಯ ತೋಟಮನೆಗಳ, ಹೊಲಗಳ ಹೆಸರುಗಳನ್ನು ಸರ್ಕಾರದ ನಕ್ಷೆಗಳು ಫ್ರೆಂಚಿಗೆ ತಿರುಚಿ ಕೆಡಿಸಿದ್ದವಂತೆ. ಅವನು ಒಂಬತ್ತು ವರ್ಷ ರಜೆ ರಜೆಯಲ್ಲೂ ನಡೆದು ನಿಜವಾದ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡ: ಯಾವ ಮನೆಗೆ ಜನ ಏನೆನ್ನುತ್ತಾರೆ, ಯಾರು ಇದ್ದಾರೆ, ಯಾವ ಓಣಿಯಿಂದ ದಾರಿ. ಯುದ್ಧದ ಸಮಯದಲ್ಲಿ ಅಲ್ಲಿದ್ದ ಜರ್ಮನ್ ಅಧಿಕಾರಿಯೊಬ್ಬ ಮೊದಲು ಭಾಷಾಶಾಸ್ತ್ರದ ಪ್ರೊಫೆಸರ್ ಆಗಿದ್ದವನು. ಪುಸ್ತಕವನ್ನು ಒಂದು ವಾರಕ್ಕೆ ಎರವಲು ಕೇಳಿದ.

“ಕೊಟ್ಟೆ,” ಎಂದ ಗಿರೆಗ್. “ಹೇಳಿದ ದಿನಕ್ಕೇ ವಾಪಸ್ ಕೊಟ್ಟ. ಎರಡು ಕಡೆ ಕಾಗುಣಿತ ತಿದ್ದಿದ್ದ.”

ಆಮೇಲೆ ಎಂದು ಕೇಳಿದೆ. ಆಮೇಲೆ ಕೆಲವು ಮನೆಗಳಿಗೆ ಸೈನಿಕರು ಹೋದರು ಎಂದ. ತಾನು ಬರೆದದ್ದು ಹೆಸರುಗಳನ್ನು ಮಾತ್ರ ಎಂದ. ಹಾಲಿಗೆ ನೀರು ಬೆರೆಸಿದ್ದರೆ ನಾವು ಡೈರಿಯಲ್ಲಿ ಅದರೊಳಗೆ ಬಿಡುವ ತೇಲುಕಡ್ಡಿ ತೋರಿಸುತ್ತದೆ. ಎಷ್ಟು ನೀರು ಎಂಬುದನ್ನೂ ತೋರಿಸುತ್ತದೆ. ಈ ಮಾತಿನಲ್ಲಿ ಎಷ್ಟು ಎಂದು ಅಳೆಯಲು ನನ್ನ ಬಳಿ ಏನೂ ಇರಲಿಲ್ಲ. ಅಪ್ಪನಿಗೆ ಹೇಳಲಿಲ್ಲ. ಅಲ್ಲಿಂದ ಆ ಮನೆಯಲ್ಲಿ ಬಚ್ಚಿಟ್ಟುಕೊಂಡವರು ಇಬ್ಬರಾದೆವು.

ಮರುವರ್ಷ ಆಗಸ್ಟ್ ತಿಂಗಳ ಒಂದು ಶನಿವಾರ. ಅಪ್ಪ ಕೆಳಗಿನ ಹೊಲದಲ್ಲಿದ್ದ. ಮಾರ್ಗ್ಯಡ್ ಅಜ್ಜಿ ಏದುಸಿರು ಬಿಡುತ್ತ ಅಡಿಗೆಮನೆಗೆ ಬಂದು, ಗಿರೆಗ್ ಅಲ್ಲೇ ಕೂತಿರುವುದನ್ನು ನೋಡಿ ಮುಖವೆಲ್ಲ ನಗುವಾದಳು.

“ಬೆರ್ವಿನ್, ನಿಂಗೊಂದು ಉಡುಗೊರೆ ಕಳಿಸಿದ್ದೀನಪ್ಪ. ಹಿಂದೇನೇ ಬರ್ತಿದೆ. ಒಂಬತ್ತು ವರ್ಷ ಆದ್ಮೇಲೆ ಶೋನಿ ಬಂದಿದ್ದಾನೆ. ‘ನಿಮ್ಮ ಕಡೆಯವನೊಬ್ಬ ಮೇಲಿನ ಮನೇಲಿದ್ದಾನೆ ಹೋಗು’ ಅಂದೆ ಅವನಿಗೆ. ಪಾಪ, ನಿನ್ನ ಮಾತು ಕಿವಿಗೆ ಬೀಳದೆ ಎಷ್ಟು ದಿನ ಆಯ್ತು.”

ಅವನ ಮುಖದ ರಕ್ತ ಇಳಿದದ್ದು ಅವಳಿಗೆ ಸಂತೋಷದಂತೆ ಕಂಡಿರಬೇಕು. ಗಂಡಸರು ಮಾತಾಡಿಕೊಳ್ಳಲಿ ಎಂದು ಹೇಳಿ, ನಿಲ್ಲದೆ ಇಳಿದುಹೋದಳು.

“ಅಂದರೆ ಇವರಿಗೆಲ್ಲ ಗೊತ್ತಿತ್ತು,” ಎಂದ ಗಿರೆಗ್.

“ಗೊತ್ತಿತ್ತು. ಮೊಟ್ಟೆ ಎಣಿಸಿದ ದಿನದಿಂದ.”

“ನಿಮಗೂ.”

ಕಿಟಕಿಯಲ್ಲಿ ನೋಡಿದೆವು. ಚಪ್ಪಟೆ ಬೆರೆಟ್ ಟೋಪಿ ಹಾಕಿದ ಮುದುಕನೊಬ್ಬ ಸೈಕಲ್ ತಳ್ಳಿಕೊಂಡು ಏರುತ್ತಿದ್ದ. ಹಿಂದಿನ ಬಾಗಿಲಿನಿಂದ ಓಡಿದರೆ ಮೇಲಿನ ಗೋಡೆಯವರೆಗೂ ಬಯಲು. ರಸ್ತೆಯಿಂದ ಪ್ರತಿ ಹೆಜ್ಜೆಯೂ ಕಾಣುತ್ತಿತ್ತು. ಕೊಟ್ಟಿಗೆಯ ಕೋಣೆಗೆ ಹೋಗಬೇಕಾದರೆ ಅಂಗಳವನ್ನೇ ದಾಟಬೇಕು. ಅವನು ಎದ್ದ, ಮತ್ತೆ ಕೂತ. ಮುದುಕನ ಊರು ಯಾವುದೆಂದು ಕೇಳಿದ. ಚಿಕ್ಕಂದಿನಲ್ಲಿ ಕೇಳಿದ ಹೆಸರು ನನಗೆ ನೆನಪಿತ್ತು, ಹೇಳಿದೆ. ಅವನು ಕಣ್ಣು ಮುಚ್ಚಿಕೊಂಡ. ಆ ಊರು ಅವನ ಪುಸ್ತಕದಲ್ಲಿತ್ತು.

ಒಳಕೋಣೆಯಲ್ಲಿ ಹಿಟ್ಟು ನಾದುತ್ತಿದ್ದ, ಇದಾವುದೂ ತಿಳಿಯದ ಅಮ್ಮ ಕೈ ಒರೆಸಿಕೊಂಡು ಬಾಗಿಲಿಗೆ ಹೋದಳು. ಶೋನಿ ಒಳಗೆ ಬಂದ. ಮೊದಲಿನ ದಪ್ಪ ಮೀಸೆ ಇರಲಿಲ್ಲ. ಕತ್ತಿನಲ್ಲಿ ಎರಡು ನರ ಹಗ್ಗದಂತೆ ಎದ್ದಿದ್ದವು. ನನ್ನನ್ನು ನೋಡಿ, “ಸೈಕಲ್ ಹಿಂದೆ ಓಡ್ತಿದ್ದ ಹುಡುಗಿ ಅಲ್ವಾ ನೀನು?” ಎಂದ. ಅಮ್ಮ ಚಹಾ ಇಟ್ಟಳು, ರೊಟ್ಟಿ ಇಟ್ಟಳು, ಕೂತವನನ್ನು ತೋರಿಸಿ, ನಮ್ಮವರ ಅತ್ತೆಯ ಮೊಮ್ಮಗ, ಪೆಟಗೋನಿಯಾದವನು ಎಂದಳು. ಹದಿನಾರು ತಿಂಗಳು ಹೇಳಿ ಹೇಳಿ ಅವಳಿಗೆ ಅದು ನಿಜವೇ ಆಗಿಹೋಗಿತ್ತು.

“ಹೌದಾ,” ಎಂದ ಶೋನಿ. “ದೂರ ಆಯ್ತು.”

ಕೂತು ಚಹಾ ಕುಡಿದ. ಅಮ್ಮ ಊರಿನ ಕ್ಷೇಮ ಕೇಳಿದಳು. ಅವನು ನಮ್ಮ ಮಾತಿನಲ್ಲೇ, ಅಮ್ಮನಿಗೇ ಹೇಳುವಂತೆ ಹೇಳಿದ. ಹಡಗು ಹಳೆಯದೇ. ಶೆಡ್ಡು ಹಳೆಯದೇ. ಗುಂಪಿನಲ್ಲಿ ಈ ಸಲ ಹದಿನೈದರ ಮೇಲೆರಡು ಜನ, ಒಬ್ಬ ಕಡಿಮೆ. ತನ್ನ ತಂಗಿಯ ಮಗ ಎರ್ವಾನ್ ಇಲ್ಲ. ಯುದ್ಧದ ಕೊನೆಯ ವರ್ಷ ಅವನು ಓಣಿಯ ತುದಿಯ ತೋಟಮನೆಯಲ್ಲಿ ಅಡಗಿದ್ದ. ಒಂದು ಬೆಳಿಗ್ಗೆ ಸೈನಿಕರು ನೆಟ್ಟಗೆ ಅಲ್ಲಿಗೇ ಬಂದರು.

“ಆ ಮನೆ ಯಾವ ನಕ್ಷೇಲೂ ಇಲ್ಲಮ್ಮ. ಸರ್ಕಾರದ ನಕ್ಷೇಲಿರೋ ಹೆಸರು ಹೇಳಿದ್ರೆ ನಾವೇ ದಾರಿ ತಪ್ತೀವಿ. ಅವರು ನಮ್ಮ ಹೆಸರು ಹಿಡ್ಕೊಂಡು ಕೇಳ್ತಾ ಬಂದ್ರು. ಉಚ್ಚಾರಣೆ ಕೂಡ ಸರಿಯಾಗಿತ್ತು.”

ಅಮ್ಮ ಅಯ್ಯೋ ಎಂದಳು. ಗಿರೆಗ್ ಮೇಜಿನ ಹಲಗೆಯ ಗೆರೆಗಳನ್ನು ನೋಡುತ್ತಿದ್ದ. ಶೋನಿ ಒಂದು ಸಲವೂ ಅವನನ್ನು ಬ್ರೆಟನ್ನಿನಲ್ಲಿ ಮಾತನಾಡಿಸಲಿಲ್ಲ. ಹಾಗೆ ಮಾತನಾಡಿಸಿದ್ದರೆ ಅರ್ಥವಾಗಲಿಲ್ಲವೆಂದು ತಲೆಯಾಡಿಸಬಹುದಿತ್ತು. ಅದಕ್ಕೆ ಗಿರೆಗ್ ಸಿದ್ಧನಾಗಿಯೇ ಕೂತಿದ್ದನೆಂದು ನನ್ನ ನಂಬಿಕೆ.

ಚಹಾ ಮುಗಿದ ಮೇಲೆ ಮುದುಕ ಹೊರಗೆ ಹೋಗಿ ದಾರಿಯಲ್ಲಿ ಬಿಚ್ಚಿಕೊಂಡಿದ್ದ ಒಂದು ಜಡೆಯನ್ನು, ಬಿಡಿ ಈರುಳ್ಳಿಗಳನ್ನು ಚೀಲದಲ್ಲಿ ತಂದ. ಇಲ್ಲೇ ಕೂತು ಹೆಣೆದುಕೊಡುತ್ತೇನೆ ಎಂದ. ಹುಲ್ಲಿನ ಹುರಿಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು, ಒಂದೊಂದೇ ಈರುಳ್ಳಿಯ ಒಣಗಿದ ಬಾಲ ಸುತ್ತಿ ಕಟ್ಟುತ್ತ, ಹಿಂದೆ ಮಾಡುತ್ತಿದ್ದಂತೆಯೇ ಗಟ್ಟಿಯಾಗಿ ಎಣಿಸತೊಡಗಿದ. ಒಂದು, ಎರಡು. ನಮ್ಮ ಎಣಿಕೆ. ಹತ್ತಾಯಿತು. ಹನ್ನೆರಡಾಯಿತು. ಏನು ಬರುತ್ತಿದೆ ಎಂದು ಆ ಕೋಣೆಯಲ್ಲಿ ಅಮ್ಮನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

“ಹದಿನೈದರ ಮೇಲೊಂದು,” ಎಂದ ಶೋನಿ. ಕಟ್ಟಿದ. “ಹದಿನೈದರ ಮೇಲೆರಡು.” ಕಟ್ಟಿದ.

ಮುಂದಿನ ಈರುಳ್ಳಿಯನ್ನು ಕೈಗೆ ತೆಗೆದುಕೊಂಡು ನಿಲ್ಲಿಸಿದ. ಮೊದಲ ಬಾರಿಗೆ ಗಿರೆಗ್‌ನನ್ನು ನೇರವಾಗಿ ನೋಡಿದ. ಈರುಳ್ಳಿಯನ್ನು ಮೇಜಿನಾಚೆ ಅವನ ಮುಂದೆ ಹಿಡಿದ.

“ವಯಸ್ಸಾಯ್ತು, ಮರೆತುಹೋಗುತ್ತೆ. ಇದಕ್ಕೇನಂತಾರಪ್ಪ?”

ನಾನು ಗಿರೆಗ್‌ನ ಬಾಯನ್ನು ನೋಡುತ್ತಿದ್ದೆ. ಅವನ ತುಟಿಗಳು ಬಿಚ್ಚಿಕೊಂಡೇ ಇದ್ದವು. ಮಗುವಾಗಿದ್ದಾಗ ತಾಯಿಯ ಬೆರಳು ಹಿಡಿದು ಕಲಿತ ಪದ ಅದು. ಅದರಂಥ ಪದಗಳು ಸಾಯಬಾರದೆಂದು ಒಂಬತ್ತು ವರ್ಷ ಓಣಿ ಓಣಿ ನಡೆದವನು. ಅದನ್ನು ಹೇಳಿದರೆ ಅವನು ಗಿರೆಗ್; ಮುದುಕ ಇಳಿದು ಹೋಗಿ ಪ್ರೋಸರ್‌ನ ಬಾಗಿಲು ತಟ್ಟಬಹುದು.

“ಎರಡೊಂಬತ್ತು,” ಎಂದ ಗಿರೆಗ್.

ಉಚ್ಚಾರಣೆ ಸರಿಯಾಗಿತ್ತು. ನಮ್ಮ ಕಣಿವೆಯವರು ಹೇಳುವ ಹಾಗೆಯೇ, ಕೊನೆಯ ಸ್ವರವನ್ನು ಸ್ವಲ್ಪ ಎಳೆದು.

ಶೋನಿ ಆ ಈರುಳ್ಳಿಯನ್ನು ಕಟ್ಟದೆ ಮೇಜಿನ ಮೇಲೆ ಇಟ್ಟ. ಹುರಿಗೆ ಗಂಟು ಹಾಕಿ ಜಡೆಯನ್ನು ಅಮ್ಮನಿಗೆ ಕೊಟ್ಟ.

“ಪೆಟಗೋನಿಯಾದವರು ನಿಮ್ಮ ಮಾತು ಚೆನ್ನಾಗಿ ಇಟ್ಕೊಂಡಿದ್ದಾರಮ್ಮ. ನಂಗಿಂತ ಚೆನ್ನಾಗಿ,” ಎಂದ.

ನಾನು ಗೇಟಿನವರೆಗೆ ಹಿಂದೆ ಹೋದೆ. ಊರಲ್ಲಿ ಏನು ಹೇಳುತ್ತೀರಿ ಎಂದು ಕೇಳಬೇಕೆಂದಿದ್ದೆ. ಅವನೇ ಸೈಕಲ್ಲಿನ ಹ್ಯಾಂಡಲ್ಲಿನ ಮೇಲೆ ಜಡೆಗಳನ್ನು ಸಮ ಮಾಡುತ್ತ ಹೇಳಿದ:

“ಕೆಳಗಡೆ ಆ ಅಜ್ಜಿಗೆ ಹೇಳ್ಬಿಡು ಮಗಳೇ. ನಮ್ಮ ಕಡೆಯವರು ಅಲ್ಲಿ ಯಾರೂ ಇಲ್ಲ. ಕೇಳಿ ನೋಡ್ದೆ.”

ಇಳಿಜಾರಿನಲ್ಲಿ ಸೈಕಲ್ ಹತ್ತದೆ ತಳ್ಳಿಕೊಂಡೇ ಹೋದ. ಪ್ರೋಸರ್‌ನ ಮನೆಯ ಮುಂದೆ ನಿಲ್ಲಲಿಲ್ಲ. ಎಂದಿನಂತೆ ಅಲ್ಲಿ ಈರುಳ್ಳಿ ಕೊಳ್ಳುವವರಿರಲಿಲ್ಲ.

ಅಪ್ಪ ಬಂದು ಸುದ್ದಿ ಕೇಳಿ ಹಿಗ್ಗಿದ. ಬ್ರಿಟನಿಯವನೇ ಬಂದು ಇವನು ಪೆಟಗೋನಿಯಾದವನು ಎಂದು ಒಪ್ಪಿಕೊಂಡು ಹೋದ ಮೇಲೆ ಇನ್ನಾರ ಭಯ? ಅದನ್ನು ಪ್ರೋಸರ್‌ನ ಕಿವಿಗೂ ಹಾಕಿದ. ಪ್ರೋಸರ್ ಕಾಗದಪತ್ರದ ಮಾತನ್ನು ಆಮೇಲೆ ಎತ್ತಲಿಲ್ಲ. ಮಾರ್ಗ್ಯಡ್ ಅಜ್ಜಿಗೆ ನಾನು ಶೋನಿ ಗೇಟಿನಲ್ಲಿ ಹೇಳಿದ್ದನ್ನು ಹೇಳಿದೆ. ಎರ್ವಾನ್ ಅಡಗಿದ್ದ ಮನೆಯ ಕಥೆ ಅವಳಿಗೆ ಶೋನಿಯಿಂದಲೇ ಗೊತ್ತಾಗಿತ್ತು. ಅವಳು, “ಹಾಗಾದ್ರೆ ನಂಗೇ ಕಿವಿ ಸರಿಯಾಗಿ ಕೇಳಿಸಿರ್ಲಿಲ್ಲ ಬಿಡು,” ಎಂದಳು. ಆಮೇಲೆ ನಮ್ಮ ಬಾಗಿಲಲ್ಲಿ ಅವಳ ಮೊಟ್ಟೆ ಕಾಣಲಿಲ್ಲ.

ಗಿರೆಗ್ ದನಗಳ ಜೊತೆ ನಮ್ಮ ಮಾತನ್ನೇ ಆಡತೊಡಗಿದ. ಹಾಲು ಕಡಿಮೆಯಾಗಲಿಲ್ಲ; ನಾನು ಅಳೆದು ನೋಡಿದೆ. ಅಮ್ಮ ಜಡೆಯ ಹದಿನೇಳು ಈರುಳ್ಳಿಗಳನ್ನು ಒಂದೊಂದಾಗಿ ಅಡಿಗೆಗೆ ಹಾಕಿ ಮುಗಿಸಿದಳು. ಕಿಟಕಿಯ ಮೇಲಿಟ್ಟ ಬಿಡಿ ಈರುಳ್ಳಿಯನ್ನು ಯಾಕೋ ಮುಟ್ಟಲಿಲ್ಲ. ಅದು ಅಲ್ಲೇ ಮೆತ್ತಗಾಗಿ, ಹಸಿರು ಮೊಳಕೆ ಬಿಟ್ಟಿತು.

ನವೆಂಬರಿನಲ್ಲಿ ಸಭಾಕೋಣೆಯ ಭಾಷಣ ನಡೆಯಿತು. ಗಂಟಲಿನ ನೆಪ ಇನ್ನು ನಡೆಯುವಂತಿರಲಿಲ್ಲ. ಅವನು ಕಪ್ಪು ಹಲಗೆಯ ಮೇಲೆ ನದಿಯನ್ನು ಬರೆದ, ಗಾಳಿ ಬೀಸುವ ದಿಕ್ಕು ಬರೆದ, ಯಾವ ತಿಂಗಳು ಎಷ್ಟು ಮಳೆ ಎಂದು ಹೇಳಿದ. ಒಂದಂಕಿಯೂ ತಪ್ಪಲಿಲ್ಲ. ಬೆಂಚುಗಳು ತುಂಬಿದ್ದವು. ಮೊಟ್ಟೆ ಎಣಿಸಿದ ದಿನ ಮೇಜಿನ ಸುತ್ತ ಇದ್ದವರೆಲ್ಲ ಬಂದಿದ್ದರು. ಸುಳ್ಳೆಂದು ಗೊತ್ತಿರುವ ಜನ ಅಷ್ಟು ಶ್ರದ್ಧೆಯಿಂದ ಕೇಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊನೆಗೆ ಕಾರ್ಯದರ್ಶಿ ಪ್ರಶ್ನೆಗಳಿದ್ದರೆ ಕೇಳಿ ಎಂದ. ಹಿಂದಿನ ಬೆಂಚಿನಿಂದ ಮಾರ್ಗ್ಯಡ್ ಅಜ್ಜಿ ಎದ್ದಳು.

“ನಿಮ್ಮೂರಲ್ಲಿ ಎಷ್ಟು ಮನೆ ಇದೆ ಬೆರ್ವಿನ್?”

ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಯಾವ ಸಂಖ್ಯೆಯನ್ನಾದರೂ ಹೇಳಬಹುದಿತ್ತು. ಅವನು ಅವಳನ್ನು ನೋಡಿದ, ಆಮೇಲೆ ನನ್ನನ್ನು.

“ಎರಡೊಂಬತ್ತು,” ಎಂದ.

ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ಕೂತು, ಕೈಗವಸುಗಳನ್ನು ಹಾಕಿಕೊಂಡಳು.